ಶಂಶಾದನ ಅಂಚು

ಬನಾರಸ್ಸಿನ ಹತ್ತಿರದ ಗಂಬಳಿ ನೇಯುವ ಊರು ಭದೋಹಿಯ ಯಾವ ಓಣಿಯಲ್ಲಿ ಕೇಳಿದರೂ ರಫೂ ಕೆಲಸಕ್ಕೆ ಖೈರುನ್ನಿಸಾಳ ಮನೆಯನ್ನೇ ತೋರಿಸುತ್ತಿದ್ದರು. ಇಲಿ ಕಡಿದದ್ದಿರಲಿ, ಕಿಡಿ ಬಿದ್ದು ಸುಟ್ಟದ್ದಿರಲಿ, ಆಕೆ ಸೂಜಿ ಹಿಡಿದು ಕೂತರೆ ರತ್ನಗಂಬಳಿಯ ಗಾಯ ಮಾಯ. ಹರಿದವನೇ ಬಂದು ಹುಡುಕಿದರೂ ಜಾಗ ಸಿಗದು. ನಲವತ್ತು ವರ್ಷ ಹೀಗೆ ಕಂಡವರ ತಪ್ಪು ಮುಚ್ಚಿದ್ದೇ ಬಂತು, ತನ್ನ ಹೆಸರು ಮಾತ್ರ ಎಲ್ಲೂ ಬರಲಿಲ್ಲ. ಒಳ್ಳೆಯ ರಫೂಗೆ ಗುರುತೇ ಇರಬಾರದು, ಇನ್ನು ಹೆಸರೆಲ್ಲಿಂದ ಬರಬೇಕು? ಆಕೆಗೆ ಅದರ ಹಂಬಲವೂ ಇರಲಿಲ್ಲ.

ಮಗ ಶಂಶಾದ್ ಆಕೆ ರಫೂ ಮಾಡುತ್ತಿದ್ದ ಗಂಬಳಿ ಕಾರ್ಖಾನೆಯಲ್ಲೇ ನೇಕಾರ. ಇಪ್ಪತ್ತು ವರ್ಷ ಮಗ್ಗದ ಮುಂದೆ ಕೂತು ಉಣ್ಣೆಯ ಧೂಳು ಕುಡಿದ ಎದೆ ಕೊನೆಗೆ ಕೈಕೊಟ್ಟಿತು. ಜರ್ಮನಿಯ ದೊಡ್ಡ ಮೇಳಕ್ಕೆಂದು ತಯಾರಾಗುತ್ತಿದ್ದ ಹನ್ನೆರಡು ಹೊಸ ಗಂಬಳಿಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕೆಮ್ಮುತ್ತ ಕೆಮ್ಮುತ್ತಲೇ ಮುಗಿಸಿ, ಹದಿನೈದು ದಿನಕ್ಕೆ ಕಣ್ಣು ಮುಚ್ಚಿದ. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಆದ ಮೇಲೆ, ಆ ಗಂಬಳಿಗಳ ನಕ್ಷೆ ಬರೆದ ದಿಲ್ಲಿಯ ಡಿಸೈನರ್ ಇಶಿತಾ ಮನೆಗೆ ಬಂದು, ಮೇಳದಲ್ಲಿ ಪ್ರತಿ ಗಂಬಳಿಯ ಪಕ್ಕ ನೇಯ್ದವರ ಹೆಸರು, ಫೋಟೋ ಇಡುತ್ತೇವೆ ಎಂದಳು. ಅಂದು ಖೈರುನ್ನಿಸಾ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಡಿಸೆಂಬರಿನ ಮೊದಲ ಸೋಮವಾರ, ತೊಳೆದು ಒಣಗಿದ ಹನ್ನೆರಡನ್ನೂ ಕಾರ್ಖಾನೆಯ ಮಾಳಿಗೆಯ ಮೇಲೆ ಹಾಸಿದ್ದರು. ಉಸ್ತುವಾರಿ ನೋಡುವ, ವಕೀಲ್ ಎಂಬ ಹೆಸರಿನ ಮಾಸ್ತರ, ಕಾಗದಪತ್ರದ ಓಡಾಟಕ್ಕೆ ಬನಾರಸ್ಸಿಗೆ ಹೊರಟಿದ್ದ. ಹೋಗುವ ಮುನ್ನ ಖೈರುನ್ನಿಸಾಳನ್ನು ಚಿಕ್ಕಮ್ಮನ ಸಲುಗೆಯಲ್ಲಿ ಕರೆದು ಹೇಳಿದ.

“ಖಾಲಾ, ಒಂದ್ಸಲ ಎಲ್ಲಾ ನೋಡ್ಬಿಡಿ. ಸಡಿಲ ಗಂಟು ಗಿಂಟು ಇದ್ರೆ ಬಿಗಿ ಮಾಡಿ. ಗುರುವಾರ ಲಾರಿ ಬರುತ್ತೆ.”

“ನಿನಗೆ ಮೀಸೆ ಬರೋಕ್ ಮುಂಚೆ ಸೂಜಿ ಹಿಡಿದೋಳು ನಾನು. ನಡಿ, ನಡಿ.”

ಹನ್ನೊಂದನ್ನು ನೋಡಿ ಮೂಗು ಮುರಿದಳು. ಮಾಸಿದ ಹೂವು, ಸೊಟ್ಟ ಅಂಚು, ಹೊಸದನ್ನೇ ಹಳತು ಮಾಡುವ ದಿಲ್ಲಿಯವರ ಹುಚ್ಚು. ಹಾಳಾಗಿ ಹೋಗಲಿ ಎಂದು ಸುಮ್ಮನಾದಳು. ಹನ್ನೆರಡನೆಯದು ಶಂಶಾದನದು. ಅದರ ನಟ್ಟನಡುವೆ ಅಂಗೈಯಗಲ ಬೋಳು. ಒಂದು ಗಂಟೂ ಇಲ್ಲ, ಬರೀ ಹಾಸುನೂಲು ಹಲ್ಲು ಕಿರಿಯುತ್ತಿತ್ತು.

ಬಣ್ಣ ಮಾಸಿದ್ದು ಫ್ಯಾಷನ್ ಇದ್ದೀತು, ಬೋಳೂ ಫ್ಯಾಷನ್ನೇ? ನೇಯುವವರ ಮೊಹಲ್ಲಾದಲ್ಲಿ ಹಾಗೆ ಜಾಗ ಬಿಟ್ಟವನ ಮನೆತನವನ್ನೇ ಆಡಿಕೊಳ್ಳುತ್ತಾರೆ. ಕಣ್ಣಿಗೆ ಪೊರೆ ಬಂದಿದ್ದರಿಂದ ಬೆರಳಲ್ಲೇ ತಡವಿದಳು. ಬೋಳಿನ ಸುತ್ತ ನೂಲು ಒಂದರ ಮೇಲೊಂದು ಸುತ್ತಿಕೊಂಡು ಗಂಟುಗಂಟಾಗಿತ್ತು. ಜ್ವರದ ಕೈ ಎಂದುಕೊಂಡಳು. ಕೂತಲ್ಲೇ ಕೈ ಸೋತು, ದಾರ ಎಲ್ಲೆಲ್ಲೋ ಸುತ್ತಿ, ಯಾರಿಗೂ ಹೇಳಲಾರದೆ ಹಾಗೇ ಬಿಟ್ಟಿದ್ದಾನೆ ನನ್ನ ಕಂದ.

ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಆದರೆ ಕೇಳುವುದೆಂದರೆ ಸತ್ತ ಮಗನ ತಪ್ಪನ್ನು ತಾನೇ ಸಾರಿದಂತೆ. ನಕ್ಷೆ ನೋಡೋಣವೆಂದರೆ, ಬೇರೆ ಕಂಪನಿಯವರು ಕದಿಯುತ್ತಾರೆಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಖೈರುನ್ನಿಸಾ ಕತ್ತರಿ ಎತ್ತಿಕೊಂಡಳು. ಆ ಗಂಟುಗಳನ್ನೆಲ್ಲ ಅಳುತ್ತಲೇ ಕತ್ತರಿಸಿ ಕಿತ್ತಳು. ಮನೆಗೆ ಹೋಗಿ ಶಂಶಾದನ ಬುಟ್ಟಿಯಲ್ಲಿ ಉಳಿದಿದ್ದ ಉಣ್ಣೆಯ ಉಂಡೆಗಳನ್ನು ತಂದಳು. ಮೂರು ದಿನ, ಬಿಸಿಲೇರಿದಾಗಿನಿಂದ ಸಂಜೆಯ ಮಗ್ರಿಬ್ ಅಜಾನ್ ಕೂಗುವವರೆಗೆ, ಗಂಟಿನ ಪಕ್ಕ ಗಂಟು ಹಾಕಿದಳು. ಬುಧವಾರ ಸಂಜೆ ಕೈಯಾಡಿಸಿದಾಗ ಎಲ್ಲಿ ಬೋಳಿತ್ತೆಂದು ಆಕೆಯ ಬೆರಳಿಗೇ ತಿಳಿಯಲಿಲ್ಲ. “ಹೋಗಪ್ಪಾ ಈಗ, ತಲೆಯೆತ್ತಿ ಹೋಗು,” ಎಂದಳು.

ಗುರುವಾರ ಬೆಳಿಗ್ಗೆ ಇಶಿತಾ ಬಂದವಳು ಆ ಗಂಬಳಿಯ ಸುತ್ತ ಎರಡು ಸಲ ತಿರುಗಿದಳು.

“ಮಾಸ್ತರ್, ಇದರ ಮಧ್ಯದ ಬೋಳು ಎಲ್ಲಿ?”

ವಕೀಲನ ಮುಖ ಬಿಳಿಚಿಕೊಂಡಿತು. “ಖಾಲಾ, ಏನ್ ಮಾಡಿಬಿಟ್ರಿ?”

“ಏನ್ ಮಾಡ್ದೆ? ತಪ್ಪಿತ್ತು, ಮುಚ್ಚಿದೆ.”

“ತಪ್ಪಲ್ಲ ಖಾಲಾ,” ಎಂದಳು ಇಶಿತಾ. ಗದರಿದ್ದರೆ ಖೈರುನ್ನಿಸಾ ತಿರುಗಿಸಿ ಅನ್ನುತ್ತಿದ್ದಳೇನೋ, ಹುಡುಗಿಯ ದನಿಯೇ ಒಡೆದಿತ್ತು. “ಅದು ನಾನೇ ಕೇಳಿದ್ದು. ಬೋಳು ಬಿಡೋದು ಸುಲಭ, ಅದು ಬಿಚ್ಚಿಕೊಳ್ಳದ ಹಾಗೆ ಸುತ್ತ ಅಂಚು ಕಟ್ಟೋಕೆ ಯಾರಿಗೂ ಆಗ್ಲಿಲ್ಲ. ಶಂಶಾದ್ ಭಾಯಿ ಮೂರು ವಾರ ಬಿಚ್ಚಿ ಬಿಚ್ಚಿ ಕಟ್ಟಿದ್ರು.”

ಫೋನು ಮುಂದೆ ಹಿಡಿದಳು. ಖೈರುನ್ನಿಸಾ ಅದನ್ನು ಮೂಗಿನ ಹತ್ತಿರ ತಂದು ನೋಡಿದಳು. ಮುತ್ತು ಪೋಣಿಸಿದ ಹಾಗೆ ಒಂದೇ ಅಳತೆಯ ಗಂಟುಗಳು, ಪಕ್ಕದಲ್ಲಿ ಕೆನ್ನೆ ಒಳಸೇರಿದ ಶಂಶಾದ್ ಹಲ್ಲು ಬಿಟ್ಟು ನಗುತ್ತಿದ್ದ.

“‘ಇದು ನಮ್ಮ ಅಮ್ಮೀಗೂ ಬರಲ್ಲ, ನೋಡ್ತಿರಿ, ತೋರಿಸಿ ಹೊಟ್ಟೆ ಉರಿಸ್ತೀನಿ’ ಅಂತಿದ್ರು.”

ಖೈರುನ್ನಿಸಾ ಮೂಲೆಗೆ ಹೋಗಿ, ಕಿತ್ತ ಗಂಟುಗಳನ್ನು ಹಾಕಿದ್ದ ಕಸದ ಚೀಲ ಹುಡುಕಿದಳು. ಹಾಸಿಗೆ ತುಂಬುವವನು ಹಿಂದಿನ ದಿನವೇ ಹೊತ್ತೊಯ್ದಿದ್ದ.

ಲಾರಿಯನ್ನು ಮಧ್ಯಾಹ್ನದವರೆಗೆ ನಿಲ್ಲಿಸಿದರು. ರಫೂ ಎಲ್ಲಿಂದ ಶುರುವಾಗಿದೆ ಎಂದು ಬೇರೆ ಯಾರಿಗೂ ಗೊತ್ತಾಗದ್ದರಿಂದ ತಾನು ಮೂರು ದಿನ ಕಟ್ಟಿದ್ದನ್ನು ಆಕೆಯೇ ಕಿತ್ತಳು. ಆಮೇಲೆ ಫೋಟೋ ಮುಂದಿಟ್ಟುಕೊಂಡು ಆ ಅಂಚು ಕಟ್ಟಲು ಕೂತಳು. ಒಂದು ಗಂಟು ದಪ್ಪವಾಯಿತು, ಇನ್ನೊಂದು ಜಾರಿತು. ಮಗ ಹೇಳಿದ್ದು ನಿಜ, ಆಕೆಗೆ ಅದು ಬರಲಿಲ್ಲ. ಕೊನೆಗೆ ಉಳಿದದ್ದು ಥೇಟು ಜ್ವರದ ಕೈ ಸುತ್ತಿದಂಥ ಅಂಚು.

“ಹಳೇದರ ಹಾಗೇ ಕಾಣ್ಬೇಕಲ್ಲ, ನಡೆಯುತ್ತೆ ಬಿಡಿ,” ಎಂದ ವಕೀಲ್, ಯಾರ ಮುಖವನ್ನೂ ನೋಡದೆ.

ಗಂಬಳಿ ಸುತ್ತಿ ಇಶಿತಾ ಹೆಸರಿನ ಚೀಟಿ ಕಟ್ಟತೊಡಗಿದಾಗ ಖೈರುನ್ನಿಸಾ ಅವಳ ಕೈ ಹಿಡಿದಳು.

“ಅಲ್ಲಿ ಅವನ ಹೆಸರು ಬೇಡಮ್ಮಾ, ನಿನ್ನ ದಮ್ಮಯ್ಯ. ನನ್ನದು ಬರಿ. ಖೈರುನ್ನಿಸಾ ಅಂತ ಬರಿ.”

“ಬೋರ್ಡು, ಪುಸ್ತಕ ಎಲ್ಲಾ ಅಚ್ಚಾಗಿ ಹೋಗಿದೆ, ಖಾಲಾ.”

ಲಾರಿ ಮೂರಕ್ಕೆ ಹೊರಟಿತು. ಚೀಟಿಯ ಮೇಲೆ ಶಂಶಾದನ ಹೆಸರೇ ಇತ್ತು.