ಹುಳು ಸತ್ತ ದಿನ ಅತ್ತೆ ಹಿಡಿದ ಜಾಡು

ಐವತ್ತರ ದಶಕದ ಕೊನೆಯಲ್ಲಿ ನಾನು ನಗರಗೆರೆ ಕಡೆಯಿಂದ ಶಿಡ್ಲಘಟ್ಟದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದೆ. ಗಂಡನ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ನನ್ನ ತವರಿನಲ್ಲಿ ಆ ಕಸುಬಿರಲಿಲ್ಲ. ಅತ್ತೆಯೇ ನನ್ನ ಅಂಗೈ ಮೇಲೆ ಒಂದು ಹುಳು ಬಿಟ್ಟು, "ಕಚ್ಚಲ್ಲ ಕಣೇ, ಎಷ್ಟು ತಣ್ಣಗಿದೆ ನೋಡು" ಎಂದು ಭಯ ಬಿಡಿಸಿದ್ದರು.

ನಾನು ಹಿಪ್ಪುನೇರಳೆ ಸೊಪ್ಪು ಹಾಕಿ ಬೆಳೆಸಿದ ಮೊದಲ ಬೆಳೆ ಅದು. ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ, ಒಂದು ಬೆಳಿಗ್ಗೆ ನಡುಮನೆಯ ಹುಳುಗಳೆಲ್ಲ ತಲೆ ಎತ್ತಿ ಒದ್ದಾಡಿ, ಹಸಿರು ನೀರು ಕಕ್ಕಿ ಬಿದ್ದವು. ನಾನು ಹುಳು ಸಾಕುವ ಬಿದಿರು ತಟ್ಟೆಯ ಮುಂದೆ ಕೂತು ಅತ್ತುಬಿಟ್ಟೆ.

ಪೆರೇಸಂದ್ರದಿಂದ ಬಂದಿದ್ದ ಮಾವನ ಅಕ್ಕ ಬಾಗಿಲಲ್ಲೇ ನಿಂತು ಹೇಳಿದರು: "ಕಾಲ್ಗುಣ ನೋಡ್ಬೇಡ್ವೇನಪ್ಪ? ಯಾವತ್ತಾದ್ರೂ ಈ ಮನೇಲಿ ಹಿಂಗಾಗಿತ್ತಾ?"

ಮಾವ ತಲೆ ತಗ್ಗಿಸಿ, "ಸ್ವಲ್ಪ ದಿನ ತವರಲ್ಲಿರ್ಲಿ" ಎಂದರು. ನಾನು ಸೀರೆ ಗಂಟು ಕಟ್ಟಲು ಎದ್ದೆ. ಅತ್ತೆ ಕೈ ಹಿಡಿದು ನಿಲ್ಲಿಸಿದರು.

"ಹಿಂದಿನ ಕೋಣೆ ಹುಳ ಚೆನ್ನಾಗೇ ಮೇಯ್ತಾ ಇದಾವಲ್ಲ ಅಕ್ಕಯ್ಯ? ಅದಕ್ಕೂ ಇವಳೇ ಸೊಪ್ಪು ಹಾಕಿದ್ದು. ಕಾಲ್ಗುಣ ನಡುಮನೇಲೇ ನಿಂತ್ಬಿಡ್ತಾ?"

ಅತ್ತೆ ಚಿಂತಾಮಣಿ ಕಡೆಯವರು. ಯೋಚನೆಗೆ ಬಿದ್ದರೆ ಬಾಯಲ್ಲಿ ತೆಲುಗು ಬರುತ್ತಿತ್ತು. "ಎಂದುಕು, ಎಂದುಕು" ಎಂದು ಗೊಣಗುತ್ತ, ಯಾಕೆ ಹೀಗಾಯಿತೆಂದು ತಮ್ಮನ್ನೇ ಕೇಳಿಕೊಳ್ಳುತ್ತ ಮನೆಯೆಲ್ಲ ಸುತ್ತಿದರು. ಆಮೇಲೆ ನನ್ನನ್ನು ಕೂರಿಸಿಕೊಂಡು ಕೇಳಿದರು: "ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡ್ದೆ, ಒಂದೂ ಬಿಡ್ದೆ ಹೇಳಮ್ಮ."

ಹೇಳಿದೆ. ಹಿಂದಿನ ಸಂಜೆ ಕೊಯ್ದು ಮೂಲೆಯಲ್ಲಿ ರಾಶಿ ಹಾಕಿದ್ದ ಸೊಪ್ಪನ್ನು ನಡುಮನೆಯ ತಟ್ಟೆಗಳಿಗೆ ಹಾಕಿದ್ದೆ. ರಾಶಿಯಲ್ಲಿ ಉಳಿದ ಸ್ವಲ್ಪ ಸೊಪ್ಪು ಸಾಲದೆಂದು ಅಲ್ಲೇ ಬಿಟ್ಟು, ಗಂಡ ತೋಟದಿಂದ ಆಗತಾನೇ ತಂದ ಸೊಪ್ಪನ್ನು ಹಿಂದಿನ ಕೋಣೆಗೆ ಹಾಕಿದ್ದೆ.

ಅತ್ತೆ ಎದ್ದು ಮೂಲೆಗೆ ಹೋದರು. ಸೊಪ್ಪು ಬಾಡದಿರಲೆಂದು ಹೊದಿಸಿದ್ದ ಒದ್ದೆ ಗೋಣಿತಟ್ಟು ಅಲ್ಲೇ ಬಿದ್ದಿತ್ತು. ಎತ್ತಿ ಮೂಸಿದರು. ಜೋರಾಗಿ ಸೀನಿದರು.

"ಇದು ನಮ್ಮ ಹಳೇ ಗೋಣಿ ಅಲ್ವಲ್ಲ. ಎಲ್ಲಿಂದ ಬಂತ್ರೀ?"

"ಹಳೇದು ಹರಿದಿತ್ತು, ಅದಕ್ಕೇ ನಾನೇ ಇದನ್ನ ಹಾಕ್ದೆ," ಎಂದರು ಮಾವ. "ಮೊನ್ನೆ ಸಂತೆಯಿಂದ ಹೊಗೆಸೊಪ್ಪು ಸುತ್ಕೊಂಡು ಬಂದಿದ್ದು…"

ಹೊಗೆಸೊಪ್ಪು ಮುಟ್ಟಿದ ಕೈ ತೊಳೆಯದೆ ಹುಳುವಿನ ಹತ್ತಿರ ಹೋಗಬಾರದು ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೋಣಿಯ ಯೋಚನೆ ಮಾತ್ರ ಯಾರಿಗೂ ಬಂದಿರಲಿಲ್ಲ.

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಚೆನ್ನಾಗಿದ್ದ ಕೆಲವು ಹುಳುಗಳನ್ನು ಎರಡು ಮೊರಗಳಿಗೆ ಹಂಚಿದರು. ಒಂದಕ್ಕೆ ರಾಶಿಯಲ್ಲಿ ಉಳಿದಿದ್ದ ಸೊಪ್ಪು, ಇನ್ನೊಂದಕ್ಕೆ ತೋಟದ ಹೊಸ ಸೊಪ್ಪು. ಮಾವನ ಅಕ್ಕನನ್ನೇ ಕಾವಲಿಗೆ ಕೂರಿಸಿದರು. ಹೊತ್ತು ಇಳಿಯುವ ಮುಂಚೆಯೇ ಮೊದಲ ಮೊರದ ಹುಳುಗಳು ಹಸಿರು ನೀರು ಕಕ್ಕಿದವು. ಇನ್ನೊಂದರ ಹುಳುಗಳು ಸೊಪ್ಪೆಲ್ಲ ಮೇದು ದಂಟಷ್ಟೇ ಉಳಿಸಿದ್ದವು.

"ಹಂಗಾದ್ರೆ ನನ್ನಿಂದ್ಲೇ…" ಎಂದರು ಮಾವ.

"ಬೇಕೂಂತ ಮಾಡಿದ್ದಲ್ಲ, ಬಿಡಿ. ಇವಳನ್ನ ತವರಿಗೆ ಕಳ್ಸೋ ಮಾತು ಮಾತ್ರ ಇನ್ನು ಈ ಮನೇಲಿ ಬೇಡ."

ಮಾವ ನನ್ನ ಕಡೆ ತಿರುಗಿ, "ಬೆಳಿಗ್ಗೆಯಿಂದ ಏನೂ ತಿಂದಿಲ್ವಲ್ಲಮ್ಮ, ಎದ್ದೇಳು, ಊಟ ಮಾಡು" ಎಂದರು. ಅವರ ಅಕ್ಕ ಊರಿಗೆ ಹೊರಡುವಾಗ, ಯಾವುದಕ್ಕೂ ಇರಲಿ ಎಂದು ಬಾಗಿಲಿಗೊಂದು ನಿಂಬೆಹಣ್ಣು ಕಟ್ಟಿ ಹೋದರು. ಅತ್ತೆ ನಕ್ಕು ಅದನ್ನು ಹಾಗೇ ಬಿಟ್ಟರು.

ಹಿಂದಿನ ಕೋಣೆಯ ಹುಳುಗಳು ಹಣ್ಣಾಗಿ, ಗೂಡು ಕಟ್ಟುವ ಹದಕ್ಕೆ ಬಂದವು. ಅವನ್ನು ಗೂಡು ಕಟ್ಟಲು ಇಡುವ ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸವನ್ನು ಅತ್ತೆ ನನ್ನ ಕೈಯಿಂದಲೇ ಮಾಡಿಸಿದರು. ಗೂಡು ಗಟ್ಟಿಯಾಗಿ ಬಂತು.

ಸುದ್ದಿ ಬೀದಿಗೆಲ್ಲ ಹಬ್ಬಿತು. ಕೆಲವು ದಿನಗಳಲ್ಲೇ ಪಕ್ಕದ ಮನೆಯಾಕೆ ಬಂದು, ತನ್ನ ಎಮ್ಮೆ ಇದ್ದಕ್ಕಿದ್ದಂತೆ ಹಾಲು ಬಿಡುತ್ತಿಲ್ಲ, ಯಾರೋ ಏನೋ ಮಾಡಿಸಿದ್ದಾರೆ ಎಂದು ಅತ್ತುಕೊಂಡಳು. ಅತ್ತೆ ಸೆರಗು ಸಿಕ್ಕಿಸಿಕೊಂಡು ನನ್ನನ್ನು ಕೂಗಿದರು: "ಬಾರೇ, ಹೋಗಿ ನೋಡ್ಕೊಂಡು ಬರಣ. ಈ ಸಲ ನೀನು ಕೇಳು, ನಾನು ಸುಮ್ನಿರ್ತೀನಿ."