ಕೃಪಾಳ ಉಪವಾಸ

ಪವಾಡ, ದರ್ಶನ ಅಂತ ಯಾರಾದರೂ ಶುರುಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ, ಸುಳ್ಳೇಕೆ ಹೇಳಲಿ? ತಿ. ನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಬೈಬಲ್ ಓದುವ ಮನೆಯಲ್ಲೇ ಹುಟ್ಟಿ ಬೆಳೆದರೂ ಪ್ರಾರ್ಥನಾ ಮಂದಿರದ ಕಡೆ ತಲೆಹಾಕದೆ ವರ್ಷಗಳಾಗಿದ್ದವು. ಆದ್ದರಿಂದ ಇದನ್ನು ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಆರು ವರ್ಷಗಳ ಹಿಂದಿನ ಮಾತು. ನಂಜನಗೂಡಿನ ನಮ್ಮ ಮನೆಯಲ್ಲಿ ಇದ್ದವರು ಮೂವರೇ: ನಾನು, ಎಂಟು ವರ್ಷದ ಮಗಳು ಕೃಪಾ, ನನ್ನ ಅಪ್ಪ. ಅಪ್ಪ ದರ್ಜಿ. ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಬೈಬಲ್ ಇಟ್ಟುಕೊಂಡು, ಗಿರಾಕಿ ಇಲ್ಲದಾಗ ಓದುತ್ತಿದ್ದವರು. ಅವರಿಗೆ ಲಕ್ವ ಹೊಡೆದು ಏಳು ತಿಂಗಳಾಗಿತ್ತು. ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಬಾಯಿಂದ ‘ಆ… ಆ…’ ಬಿಟ್ಟು ಬೇರೆ ಸದ್ದಿಲ್ಲ.

ಒಂದು ಬುಧವಾರ ಸಂಜೆ ಅಪ್ಪ ಹೋಗುತ್ತಿದ್ದ ಪ್ರಾರ್ಥನಾ ಸಭೆಯ ಪಾಸ್ಟರ್ ಬಂದರು. ಅಪ್ಪನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಕಣ್ಣು ಬಿಟ್ಟು ನಮ್ಮ ಕಡೆ ತಿರುಗಿದರು. “ಈ ಮನೇಲಿ ಯಾರೋ ಒಬ್ರ ಮನಸ್ಸಲ್ಲಿ ದೇವರ ವಾಕ್ಯದ ಮೇಲೆ ಸಂದೇಹ ಇದೆ. ಅದು ಹೋಗೋವರ್ಗೂ ಇವರ ನಾಲಿಗೆ ಬಿಚ್ಚಲ್ಲ. ಮೂರು ದಿನ ಉಪವಾಸ ಪ್ರಾರ್ಥನೆ ಮಾಡ್ಬೇಕು” ಅಂದರು.

ಅದು ನನಗೇ ಬಿಟ್ಟ ಬಾಣ ಅಂದುಕೊಂಡೆ. ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದ್ದಕ್ಕೂ ನನ್ನ ಮನಸ್ಸಿಗೂ ಏನ್ರೀ ಸಂಬಂಧ? ಕಾಯಿಲೆಯವನ ಮನೆಗೆ ಬಂದು ಮಗಳ ಮೇಲೆ ಅಪರಾಧ ಹೊರಿಸುವುದಕ್ಕೆ ನಾಚಿಕೆ ಬೇಡವೇ? ಟೀ ಕೂಡ ಕೊಡದೆ ಕಳಿಸಿದೆ. ಅವರ ಮಾತನ್ನು ಕೃಪಾ ಮನಸ್ಸಿಗೆ ಹಚ್ಚಿಕೊಂಡಿದ್ದು ನನಗೆ ಗೊತ್ತೇ ಆಗಲಿಲ್ಲ.

ಮೂರನೆಯ ದಿನ ಶನಿವಾರ. ಬೆಳಗಿನ ಶಾಲೆ ಮುಗಿಸಿ ಬಸ್ಸಿಳಿದು ಬಂದವಳು ಅಪ್ಪನಿಗೆ ರಾಗಿ ಗಂಜಿ ಕುಡಿಸುತ್ತಿದ್ದೆ. ಮಧ್ಯಾಹ್ನ ಎರಡು ಗಂಟೆಯಿರಬೇಕು, ಹೊರಗೆ ಸುಡು ಬಿಸಿಲು. ಕೃಪಾ ಹಿಂದಿನ ಕೋಣೆಯಲ್ಲಿದ್ದಳು, ಬಾಗಿಲು ಮುಚ್ಚಿತ್ತು. ಹೋಮ್‌ವರ್ಕ್ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ.

ಅಪ್ಪ ಎಡಗೈಯಿಂದ ಚಮಚ ತಳ್ಳಿದರು. ಕೋಣೆಯ ಕಡೆ ಮುಖ ತಿರುಗಿಸಿ, ತಮ್ಮ ಹಳೆಯ ಗಟ್ಟಿ ದನಿಯಲ್ಲೇ, ಒಂದಕ್ಷರ ತೊದಲದೆ ಹೇಳಿದರು:

“ಕೃಪಾ, ಆ ಪ್ರಶ್ನೆ ನಂಗೂ ಇತ್ತು ಕಣವ್ವ. ಅದ್ರಿಂದ ಯಾರ್ಗೂ ಏನೂ ಆಗಕಿಲ್ಲ. ಎದ್ದು ಉಣ್ಣೋಗು.”

ಅಷ್ಟೇ. ಬಾಯಿ ಮತ್ತೆ ಸೊಟ್ಟಗಾಯಿತು, ಜೊಲ್ಲು ಇಳಿಯಿತು. ಬಾಗಿಲು ತೆರೆದು ಕೃಪಾ ಬಂದಳು. “ಅಮ್ಮಾ, ತಾತ ಕರುದ್ರಾ?” ಅಂದವಳು ಗೋಡೆ ಹಿಡಿದು ಅಲ್ಲೇ ಕುಸಿದಳು.

ನೀರು ಕುಡಿಸಿ, ಮಡಿಲಲ್ಲಿ ಹಾಕಿಕೊಂಡು ಕೇಳಿದ ಮೇಲೆ ಎಲ್ಲ ಹೊರಬಿತ್ತು. ಗುರುವಾರದಿಂದ ನೀರು ಬಿಟ್ಟು ಮಗು ಏನೂ ತಿಂದಿರಲಿಲ್ಲ. ಡಬ್ಬಿಯ ಅನ್ನ ಬೀದಿನಾಯಿಗೆ. ರಾತ್ರಿ ಪಕ್ಕದ ಮನೆಯಲ್ಲಿ ಉಂಡೆ ಅಂತ ಸುಳ್ಳು.

“ಯಾಕೇ ಹಿಂಗ್ ಮಾಡ್ದೆ?”

“ಸಂದೇಹ ಇದ್ದಿದ್ದು ನಂಗೆ ಅಮ್ಮ. ದೇವ್ರು ಪ್ರಳಯ ತಂದಾಗ ನೋಹನ ಹಡಗು ಹತ್ತದೆ ಇರೋ ಪುಟ್ಟ ಪಾಪುಗಳು ಏನ್ ತಪ್ಪು ಮಾಡಿದ್ವು? ಅವನ್ನೂ ಯಾಕೆ ಮುಳುಗಿಸ್ಬೇಕಿತ್ತು?”

ಹಿಂದಿನ ಮಳೆಗಾಲದಲ್ಲಿ ಕಪಿಲಾ ಹೊಳೆ ತುಂಬಿ ನಮ್ಮ ಕೇರಿಯವರೆಗೂ ನೀರು ಬಂದಿತ್ತು. ಆವತ್ತಿನಿಂದ ಅವಳಿಗೆ ಇದೇ ಯೋಚನೆಯಂತೆ. ಇದನ್ನು ಯಾರ ಹತ್ತಿರವಾದರೂ ಕೇಳಿದ್ದೆಯಾ ಅಂದೆ. “ಯಾರ್ ಹತ್ರಾನೂ ಇಲ್ಲ. ಬರೀ ಮನಸ್ಸಲ್ಲಿ” ಅಂದಳು.

ಡಾಕ್ಟರನ್ನು ಕೇಳಿದೆ. ಇಂಥ ರೋಗಿಗಳ ಬಾಯಿಂದ ಅಪರೂಪಕ್ಕೆ ಒಂದೆರಡು ಮಾತು ಬರುವುದುಂಟು ಅಂದರು. ಇರಬಹುದು, ಒಪ್ಪಿದೆ. ಆದರೆ ಮಗುವಿನ ಮನಸ್ಸಿನ ಮಾತು ಅಪ್ಪನಿಗೆ ತಿಳಿದದ್ದು ಹೇಗೆ? ಅದಕ್ಕೆ ಅವರು ನನ್ನನ್ನೇ ಒಂಥರಾ ನೋಡಿದರು.

ಸುದ್ದಿ ಪಾಸ್ಟರ್ ಕಿವಿಗೆ ಬಿತ್ತು, ಓಡಿ ಬಂದರು. “ನೋಡಿದ್ರಾ ಸಿಸ್ಟರ್ ಉಪವಾಸದ ಬಲ! ಭಾನುವಾರ ಮಗು ಸಭೇಲಿ ಸಾಕ್ಷಿ ಹೇಳ್ಬೇಕು.” ಎಂಟು ವರ್ಷದ ಕೂಸು ಹಸಿದು ಬಿದ್ದದ್ದು ಇವರಿಗೆ ಹೆಮ್ಮೆಯ ವಿಷಯ! ಗೇಟಿನಾಚೆ ನಡೀರಿ ಅನ್ನುವುದರಲ್ಲಿದ್ದೆ. ಅಷ್ಟರಲ್ಲಿ ಕೃಪಾ “ನಾನ್ ಹೇಳ್ತೀನಿ” ಅಂದಳು.

ಭಾನುವಾರ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮೈಕ್ ಕೊಟ್ಟರು. “ಮುಳುಗೋದ ಪಾಪುಗಳು ಏನ್ ತಪ್ಪು ಮಾಡಿದ್ವು ಅಂತ ನಂಗೆ ಡೌಟ್ ಇತ್ತು. ನಮ್ ತಾತಂಗೂ ಇತ್ತಂತೆ. ಡೌಟ್ ಬಂದ್ರೆ ಯಾರ್ಗೂ ಕಾಯ್ಲೆ ಬರಲ್ವಂತೆ” ಅಂದಳು. ಪಾಸ್ಟರ್ ಮೈಕ್ ಕಿತ್ತುಕೊಂಡು ಹಾಡು ಶುರುಮಾಡಿಸಿದರು. ಹಿಂದಿನ ಸಾಲಿನಲ್ಲಿ ಮುದುಕಿಯೊಬ್ಬಳು ಮಾತ್ರ ಹಾಡದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮುಂದಿನ ತಿಂಗಳು ಅಪ್ಪ ತೀರಿಕೊಂಡರು. ಇನ್ನೊಂದು ಮಾತು ಆಡಲಿಲ್ಲ. ಕೃಪಾ ಈಗಲೂ ಬೈಬಲ್ ಓದುತ್ತಾಳೆ, ಓದುತ್ತಾ ಜಗಳವನ್ನೂ ಆಡುತ್ತಾಳೆ. ನಾನು ಪಾಸ್ಟರನ್ನು ಬೈದುಕೊಂಡು ಕಾಲ ಕಳೆದೆ. ನಿಜ ಹೇಳಬೇಕೆಂದರೆ ನನಗೆ ತಡೆಯಲಾಗದ ಸಿಟ್ಟು ನನ್ನ ಮೇಲೆಯೇ. ಪಕ್ಕದಲ್ಲೇ ಮಲಗುತ್ತಿದ್ದ ಮಗಳ ಹಸಿವು ಹೆತ್ತ ನನಗೆ ತಿಳಿಯಲಿಲ್ಲ. ಮಗ್ಗುಲು ಬದಲಿಸಲಾಗದ ಅಪ್ಪನಿಗೆ ಮುಚ್ಚಿದ ಬಾಗಿಲಾಚೆ ತಿಳಿಯಿತು. ಹೇಗೆ ಅಂತ ನನ್ನನ್ನು ಕೇಳಬೇಡಿ.