ಧ್ರುವದ ಮಣ್ಣಿನ ಪಕ್ಕ ಕೊಡಿಗೇಹಳ್ಳಿಯ ಒಂದು ಹಿಡಿ

ಮೇ ತಿಂಗಳ ಬೆಳಗು. ಸೂರ್ಯ ಇನ್ನೂ ಹುಟ್ಟಿಲ್ಲ, ಆಗಲೇ ಕೊಡಿಗೇಹಳ್ಳಿಯ ಮನೆಗಳಲ್ಲಿ ಫ್ಯಾನುಗಳು ಸುಸ್ತಾಗಿ ತಿರುಗುತ್ತಿವೆ. ಅಂಥ ಸೆಕೆಯಲ್ಲಿ ಹಳೇ ಊರಿನ ಬೀದಿಯಿಂದ ಗೌರಮ್ಮ ಹೊರಬರುತ್ತಾರೆ. ಮೈಮೇಲೆ ದಪ್ಪ ಸ್ವೆಟರು, ಕಾಲಿಗೆ ಉಣ್ಣೆಯ ಕಾಲುಚೀಲ, ಕೈಚೀಲದಲ್ಲಿ ಮಂಕಿ ಕ್ಯಾಪು. ಹಾಲಿನ ಬೂತಿನವನು ದಿನವೂ ಕೇಳುವುದನ್ನೇ ಇವತ್ತೂ ಕೇಳುತ್ತಾನೆ, "ಏನ್ ಗೌರಮ್ಮ, ಇಮಾಲಯಕ್ಕಾ?"

"ಅದ್ಕಿಂತ ದೂರ ಕಣಪ್ಪ," ಎಂದು ಅವರು ನಡೆದೇ ಬಿಡುತ್ತಾರೆ.

ಮಾತು ಸುಳ್ಳಲ್ಲ. ಕೊಡಿಗೇಹಳ್ಳಿಯ ಹೊಲಗಳ ಮೇಲೆಯೇ ಎದ್ದ ಸಹಕಾರನಗರದ ಅಡ್ಡರಸ್ತೆಯೊಂದರಲ್ಲಿ ಬೋರ್ಡು ಕೂಡ ಸರಿಯಾಗಿ ಕಾಣದ ಒಂದು ಚಿಕ್ಕ ಖಾಸಗಿ ಪ್ರಯೋಗಾಲಯವಿದೆ. ಅದರ ಹಿಂದಿನ ಕೋಣೆಯ ದಪ್ಪ ಬಾಗಿಲು ತೆಗೆದರೆ, ದಕ್ಷಿಣ ಧ್ರುವದ ಕಡೆಯಿಂದ ಬಂದ ಮಣ್ಣು ಡಬ್ಬಿಗಳಲ್ಲಿ ಗಡ್ಡೆಕಟ್ಟಿ ಮಲಗಿದೆ. ಆ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ಎಷ್ಟು ಚಳಿಗೆ ಎಷ್ಟು ನಿಧಾನ, ಎಷ್ಟು ಬಿಸಿಗೆ ಎಷ್ಟು ಬೇಗ ಬೆಳೆಯುತ್ತವೆ ಎಂದು ಅಳೆಯುವುದು ಇಲ್ಲಿನ ಕೆಲಸ. ಅಳೆದದ್ದನ್ನು ಬರೆಯುವವರು ಬೇರೆ, ದೇಶ ವಿದೇಶ ಸುತ್ತಿ ಹೇಳುವವರು ಬೇರೆ. ಗಾಜಿನ ತಟ್ಟೆ ತೊಳೆದು, ಬ್ಯಾಕ್ಟೀರಿಯಾ ತಿಂದು ಬೆಳೆಯುವ ಅಂಟನ್ನು ಕಾಯಿಸಿ ಅದಕ್ಕೆ ಸುರಿದು, ಮೂಡಿದ ಚುಕ್ಕೆ ಎಣಿಸಿ, ಕೊನೆಗೆ ಎಲ್ಲವನ್ನೂ ಹಬೆಯಲ್ಲಿ ಬೇಯಿಸಿ ಕೊಲ್ಲುವವರು ಗೌರಮ್ಮ. ಐವತ್ತಾರರ ಈ ಹೆಂಗಸು ಹನ್ನೊಂದು ವರ್ಷದ ಹಿಂದೆ ಕಸ ಗುಡಿಸಲು ಸೇರಿದವರು.

ಬಂದವರೇ ಮೊದಲು ನೋಡುವುದು ಐದು ತಣ್ಣನೆಯ ಬೀರುಗಳನ್ನು. ಒಂದೊಂದರ ಚಳಿ ಒಂದೊಂದು ಬಗೆ. ರಾತ್ರಿ ಕರೆಂಟು ಹೋಗಿ ಒಂದು ಬೀರು ಬೆಚ್ಚಗಾದರೂ ತಿಂಗಳ ಕೆಲಸ ನೀರುಪಾಲು. ಎಲ್ಲ ಸರಿಯಿದ್ದರೆ ಕೈಗವಸು ಹಾಕಿ ಎಣಿಕೆಗೆ ಕೂರುತ್ತಾರೆ, ದಿನಕ್ಕೆ ಅರವತ್ತು ಎಪ್ಪತ್ತು ತಟ್ಟೆ. ಧ್ರುವದ ಮಣ್ಣಿನ ತಟ್ಟೆಯಲ್ಲಿ ಎರಡು ಮೂರು ವಾರ ಏನೂ ಕಾಣುವುದಿಲ್ಲ. ಆಮೇಲೆ ಒಂದು ದಿನ ಸಾಸಿವೆಗಿಂತ ಸಣ್ಣ ಚುಕ್ಕೆ.

"ಮೊಸರಿಗೆ ಎಪ್ಪಾಕ್ದಂಗೆ ಇದು. ಬ್ಯಾಸಿಗೇಲಿ ಬ್ಯಾಗ, ಚಳೀಲಿ ತಡ," ಎನ್ನುತ್ತಾರೆ ಗೌರಮ್ಮ. "ಅಷ್ಟ್ ಚಳೀಲಿ ಉಟ್ಟಿದ್ದು ಚಳೀನೇ ಇಷ್ಟ ಪಡ್ತದೆ ಅಂದ್ಕಂಡಿದ್ದೆ. ಇಲ್ಲ ಕಣವ್ವ. ವಸಿ ಬೆಚ್ಗಿರೋ ಬೀರುಗಿಟ್ರೆ ಬುಳುಬುಳು ಅಂತ ಬತ್ತವೆ. ಚಳಿ ಅವಕ್ಕೆ ಅಭ್ಯಾಸ ಅಷ್ಟೇ, ಆಸೆ ಅಲ್ಲ."

ಚಳಿ ಗೌರಮ್ಮನಿಗೂ ಅಭ್ಯಾಸವಾಗಿದೆ. ಬೆರಳಿನ ಗಿಣ್ಣುಗಳು ಊದಿವೆ, ಮಂಡಿ ಹಿಡಿದಿದೆ. ಮನೆಗೆ ಹೋಗಿ ಬಿಸಿ ಮುದ್ದೆ ಕಟ್ಟುವಾಗ ಮಾತ್ರ ಬೆರಳಿಗೆ ಜೀವ ಬರುತ್ತದಂತೆ. ಮಗಳು ಮಂಜುಶ್ರೀ ದೊಡ್ಡಬಳ್ಳಾಪುರದಿಂದ ಫೋನು ಮಾಡಿ ಬೈಯುತ್ತಾಳೆ, ಬಿಟ್ಟು ಬಾ ಎನ್ನುತ್ತಾಳೆ. ಬಿಡಲು ಮನಸ್ಸಿಲ್ಲ. ಯಾಕೆಂದರೆ ಊರಿನಲ್ಲಿ ಮಣ್ಣಿನ ಕೆಲಸ ಅಂತ ಉಳಿದಿರುವುದು ಇದೊಂದೇ.

ಗೌರಮ್ಮ ಕೊಡಿಗೇಹಳ್ಳಿಗೆ ಸೊಸೆಯಾಗಿ ಬಂದಾಗ ಪ್ರಯೋಗಾಲಯದ ಹಿಂದಿನ ರಸ್ತೆ ಇರಲಿಲ್ಲ, ಅಲ್ಲಿದ್ದದ್ದು ಅವರ ಮನೆಯ ಹೊಲ. ರಾಗಿ, ನಡುನಡುವೆ ಅವರೆ ಸಾಲು. ಯಜಮಾನರು ಬ್ಯಾಟರಾಯಪ್ಪ ಬಿತ್ತುವ ಮುಂಚೆ ಒಂದು ಹಿಡಿ ಮಣ್ಣೆತ್ತಿ, ಕಣ್ಣಿಗೊತ್ತಿ, ಮೂಸಿ ನೋಡುತ್ತಿದ್ದರಂತೆ. ಸುತ್ತ ಮನೆಗಳೆದ್ದು ಮೋರಿ ನೀರು ನುಗ್ಗತೊಡಗಿದಾಗ ತಮ್ಮ ಚಿಕ್ಕಬೈರಪ್ಪ ಮಾರೋಣ ಎಂದರು. "ಮಣ್ಣು ಸತ್ತೋಗೈತೆ ಅಣ್ಣ, ಇನ್ನೇನ್ ಕಾಯ್ತೀಯ?" ಎಂದರು. ಅಣ್ಣನದು ಒಂದೇ ಉತ್ತರ, "ಸತ್ತಿರೋ ಮಣ್ಣು ಇಂಗೆ ವಾಸ್ನೆ ಬರಲ್ಲ ಕಣೋ." ಆ ಮಾತಿನ ಮೇಲೆ ಅಣ್ಣ ತಮ್ಮ ಮುಖ ನೋಡುವುದನ್ನೇ ಬಿಟ್ಟರು. ಬ್ಯಾಟರಾಯಪ್ಪ ತೀರಿಕೊಂಡಾಗ ಅದೇ ಹೊಲದ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ ಮಣ್ಣು ಮಾಡಿದರು. ಮರುವರ್ಷ ಸಮಾಧಿಯ ಮೂಲೆ ಬಿಟ್ಟು ಮಿಕ್ಕಿದ್ದೆಲ್ಲ ಲೇಔಟಾಯಿತು.

"ನಾನೂ ಸೈನ್ ಆಕ್ದೆ. ಒಬ್ಳು ಏನ್ ಮಾಡಾಕಾಯ್ತದೆ?" ಎನ್ನುವಾಗ ಗೌರಮ್ಮ ತಟ್ಟೆಯಿಂದ ತಲೆ ಎತ್ತುವುದಿಲ್ಲ.

ಈ ಕತೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಕಳೆದ ಮಾಘದಲ್ಲಿ ಪ್ರಯೋಗಾಲಯದ ಸಂಶೋಧಕಿ ಸಂಯುಕ್ತಾಗೆ ಒಂದು ಅಗತ್ಯ ಬಿತ್ತು. ಧ್ರುವದ ಮಣ್ಣಿನ ಪಕ್ಕದಲ್ಲಿಟ್ಟು ಹೋಲಿಸಲು ಇದೇ ಊರಿನ ಮಣ್ಣು ಬೇಕು. "ಗೌರಮ್ಮ, ಬರ್ತಾ ಎಲ್ಲಿಂದಾದ್ರೂ ಸ್ವಲ್ಪ ಲೋಕಲ್ ಮಣ್ಣು ತನ್ನಿ, ಒಂದು ಕವರ್ ಸಾಕು," ಎಂದರು. ಅದೇನು ಮಹಾ ಎಂದುಕೊಂಡು ಗೌರಮ್ಮ ಮರುದಿನ ಪಾರ್ಕಿನಿಂದ ತುಂಬಿಕೊಂಡು ಬಂದರು. ಜರಡಿ ಹಿಡಿದರೆ ಇಟ್ಟಿಗೆ ಚೂರು, ಥರ್ಮೋಕೋಲು, ಜಲ್ಲಿ. ವಿಚಾರಿಸಿದರೆ ಪಾರ್ಕಿನ ಮಣ್ಣು ಮಾಗಡಿ ಕಡೆಯಿಂದ ಲಾರಿಯಲ್ಲಿ ಬಂದದ್ದು. ಬ್ಯಾಟರಾಯನಪುರದ ತನಕ ಹುಡುಕಿದರು. ಖಾಲಿ ಸೈಟಿನದು ಪಾಯದ ಮಣ್ಣು, ಕುಂಡದ್ದು ನರ್ಸರಿಯ ಮಣ್ಣು. ಭೂಮಿಯ ಆ ತುದಿಯ ಮಣ್ಣು ಹಡಗು ವಿಮಾನ ಹತ್ತಿ, ಹತ್ತಾರು ಅಪ್ಪಣೆ ಪಡೆದು ಕೊಡಿಗೇಹಳ್ಳಿಗೆ ಬಂದು ಕೂತಿದೆ, ಕೊಡಿಗೇಹಳ್ಳಿಯ ಮಣ್ಣೇ ಕೊಡಿಗೇಹಳ್ಳಿಯಲ್ಲಿ ಸಿಗಲಿಲ್ಲ. ನಗಬೇಕೋ ಅಳಬೇಕೋ ಹೇಳಿ.

ಕೊನೆಗೆ ಗೌರಮ್ಮನಿಗೆ ಹೊಲದಲ್ಲಿ ಉಳಿದಿದ್ದ ಸಮಾಧಿಯ ಮೂಲೆ ನೆನಪಾಯಿತು. ಅಲ್ಲಿಗೆ ಹೋಗಿ ಚಪ್ಪಲಿ ಕಳಚಿ ಊದುಬತ್ತಿ ಹಚ್ಚಿದರು. "ಸಂಯುಕ್ತಮ್ಮ ಕೇಳ್ತಾವ್ರೆ, ಒಂದ್ ಇಡಿ ತಗಂಡೋಗ್ತೀನಿ," ಎಂದು ಯಜಮಾನರಿಗೆ ಹೇಳಿಯೇ, ಸಮಾಧಿಯ ಕಾಲ ಬದಿಯ ನೆಲ ಬಗೆದರು.

ಪಾರ್ಕಿನದನ್ನೂ ಇದನ್ನೂ ಸಂಯುಕ್ತಾ ಒಟ್ಟಿಗೇ ತಟ್ಟೆಗೆ ಹಾಕಿದರು. ಆ ರಾತ್ರಿ ಗೌರಮ್ಮನಿಗೆ ನಿದ್ದೆ ಹತ್ತಲಿಲ್ಲ. ತಟ್ಟೆ ಬರಿದಾಗಿ ಉಳಿದರೆ ಮೈದುನ ಹೇಳಿದ್ದೇ ಸರಿ, ಗಂಡ ಸುಮ್ಮನೆ ಹಟ ಹಿಡಿದು ಕೊರಗಿ ಸತ್ತ ಹಾಗಾಯಿತು. ಎರಡನೇ ದಿನ ಬೆಳಗ್ಗೆ ಬೆಚ್ಚಗಿನ ಬೀರು ತೆಗೆದರು. ಪಾರ್ಕಿನ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಹೊಲದ ತಟ್ಟೆಯನ್ನು ಎಣಿಸಲು ಕೂತರು, ಎಣಿಸಲಾಗಲಿಲ್ಲ. ಬಿಳಿ, ಹಳದಿ, ಕೆನೆ ಬಣ್ಣ, ಒಂದರ ಮೈಮೇಲೊಂದು. ವಾರ ಕಳೆಯುವಷ್ಟರಲ್ಲಿ ಅವುಗಳ ನಡುವೆ ಸುಣ್ಣದ ಪುಡಿ ಉದುರಿಸಿದಂಥ ಚುಕ್ಕೆಗಳೂ ಎದ್ದವು.

"ಸತ್ತಿರೋ ಮಣ್ಣಲ್ಲಿ ಇಂಗೆ ಬತ್ತದಾ ಅವ್ವ?" ಎಂದು ಸಂಯುಕ್ತಾರನ್ನು ಕೇಳಿದರು.

"ಇದ್ರಲ್ಲಿ ರಾಗಿ ಚೆನ್ನಾಗ್ ಬರ್ತಿತ್ತಾ ಇಲ್ವಾ ಅಂತ ಈ ತಟ್ಟೆ ಹೇಳಲ್ಲ ಗೌರಮ್ಮ," ಎಂದರು ಸಂಯುಕ್ತಾ. "ಆದ್ರೆ ಸತ್ತ ಮಣ್ಣಂತೂ ಅಲ್ಲ. ಈ ಸುಣ್ಣದ ಥರ ಇದೆಯಲ್ಲ, ಮೊದಲ ಮಳೆ ಬಿದ್ದಾಗ ಮಣ್ಣು ಘಮ್ ಅನ್ನುತ್ತೆ ನೋಡಿ, ಆ ವಾಸನೆ ಮಾಡೋದೇ ಇವು."

ಗೌರಮ್ಮ ಕೈಗವಸಿನ ಬೆನ್ನಿನಿಂದಲೇ ಕಣ್ಣೊರೆಸಿಕೊಂಡರು. ತಟ್ಟೆಯ ಮುಚ್ಚಳ ತೆಗೆದು ಮೂಸಬೇಕೆಂದು ಬಹಳ ಆಸೆಯಾಗಿತ್ತು. ನಿಯಮ ಮುರಿಯುವ ಹಾಗಿಲ್ಲ, ಮುರಿಯಲಿಲ್ಲ. ಲೆಕ್ಕ ಮುಗಿದ ಮೇಲೆ ಎಲ್ಲ ತಟ್ಟೆಗಳಂತೆ ಅವನ್ನೂ ತಾವೇ ಹಬೆಗೆ ಹಾಕಿದರು. "ಬೆಳ್ಸೋಳೂ ನಾನೆ, ಬೇಯ್ಸೋಳೂ ನಾನೆ. ಅವತ್ತೊಂದಿನ ಕೈ ಬರ್ಲಿಲ್ಲ."

ಸಂಜೆ ನೆಟ್ಟಗೆ ಮೈದುನನ ಮನೆಗೆ ಹೋದರು. ಚಿಕ್ಕಬೈರಪ್ಪನವರು ಮೂರಂತಸ್ತಿನ ಕಟ್ಟಡದ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಜಗಳಕ್ಕೆಂದೇ ಹೋಗಿದ್ದರಂತೆ ಗೌರಮ್ಮ, ಮಾತು ಕೂಡಿಸಿಟ್ಟುಕೊಂಡೇ ಹೋಗಿದ್ದರಂತೆ. "ಬೈರಪ್ಪ, ಲ್ಯಾಬಲ್ಲಿ ನೋಡುದ್ರು. ನಮ್ ಒಲದ್ ಮಣ್ಣು ಬದ್ಕೈತೆ," ಎಂದಷ್ಟೇ ಬಾಯಿಂದ ಬಂತು.

ಮುದುಕ ಕುರ್ಚಿಯಿಂದ ಎದ್ದು ಗೇಟಿನ ತನಕ ಬಂದರು. ಆಮೇಲೆ ಕೇಳಿದರು, "ವಸಿ ಉಳ್ದೈತಾ ಅತ್ಗೆ?"

"ಲ್ಯಾಬಲ್ಲಿಲ್ಲ. ನಿಮ್ಮಣ್ಣನತ್ರ ಐತೆ. ನೀನೇ ಬಂದು ನೋಡು."

ಹೊಲ ಮಾರಿದಂದಿನಿಂದ ಅಣ್ಣನ ಸಮಾಧಿಯ ಕಡೆ ಕಾಲಿಟ್ಟವರಲ್ಲ ಚಿಕ್ಕಬೈರಪ್ಪ. "ಮಳೆ ಬೀಳ್ಲಿ," ಎಂದರು.

ಅಂದಿನಿಂದ ಗೌರಮ್ಮ ಮಳೆ ಕಾಯುತ್ತಿದ್ದಾರೆ. ಧ್ರುವ ಪ್ರದೇಶ ನೋಡುವ ಆಸೆ ಇಲ್ಲವೇ ಎಂದರೆ ನಗುತ್ತಾರೆ. ಅಲ್ಲಿಯ ಚಳಿ ಈ ಕೋಣೆಯಲ್ಲೇ ಸಾಕಷ್ಟಾಗಿದೆ. ಅವರಿಗೆ ಬೇಕಿರುವುದು ಇಷ್ಟೇ, ಮೈದುನ ಒಂದು ಸಲ ಆ ಹೊಂಗೆ ಮರದ ಕೆಳಗೆ ಬಗ್ಗಿ, ಒಂದು ಹಿಡಿ ಎತ್ತಿ ಮೂಸಬೇಕು.

ಮಧ್ಯಾಹ್ನದ ಹೊತ್ತಿಗೆ ಹೆಬ್ಬಾಳದ ಕಡೆಯಿಂದ ಮೋಡ ಕವಿಯುತ್ತದೆ. ಹಬೆಯ ಪಾತ್ರೆ ಇಳಿಸಿ, ಸ್ವೆಟರು ಬಿಚ್ಚಿ ಹೊರಗೆ ಬಂದ ಗೌರಮ್ಮ ಮೆಟ್ಟಿಲ ಮೇಲೆ ನಿಂತು ಗಾಳಿ ಮೂಸುತ್ತಾರೆ. ಕಾಂಕ್ರೀಟಿನ ಮೇಲೆ ನಾಲ್ಕು ದಪ್ಪ ಹನಿ ಬೀಳುತ್ತವೆ.

"ಸಂಯುಕ್ತಮ್ಮನ್ನ ಕೇಳ್ಬೇಕು, ಇವತ್ತು ವಸಿ ಬ್ಯಾಗ ಬಿಡಿ ಅಂತ," ಎನ್ನುತ್ತಾರೆ. "ಬೈರಪ್ಪ ಬಂದ್ರೂ ಬಂದಾನು. ಬಂದಾಗ ಅಲ್ಲಿ ಯಾರಾದ್ರೂ ಇರಬೇಕಲ್ವಾ?"